ಗೇರ್ ರಾಡಿನ ಹೊಳಪು

ಓಪ್‌ಸಟ್, ಸೋಗ್ನ್
3 ಏಪ್ರಿಲ್ 1966

ಪ್ರೀತಿಯ ಅಣ್ಣ ಟೊನ್ನೆಸ್,

ನಮ್ಮ ಕುದುರೆ ಸತ್ತುಹೋಯಿತು. ಕಳೆದ ಶುಕ್ರವಾರ ಕೊಟ್ಟಿಗೆಯಲ್ಲಿ ಮಲಗಿದ್ದು ಏಳಲೇ ಇಲ್ಲ. ನನ್ನ ಮಾವ ಬೋಟಾಲ್ವ್ ಎರಡು ದಿನ ಅದರ ಖಾಲಿ ಜಾಗದ ಬಳಿಯೇ ಕೂತಿದ್ದರು. ಮೂರನೇ ದಿನ ಊಟಕ್ಕೆ ಕೂತಾಗ, "ಇನ್ನೊಂದು ಕುದುರೆ ಸಾಯೋದನ್ನ ನಾನು ನೋಡಲ್ಲ. ಆ ಟ್ರ್ಯಾಕ್ಟರೇ ತಂದ್ಬಿಡಿ" ಅಂದರು. ನನ್ನ ಗಂಡ ಆನ್‌ಫಿನ್ ಎಂಟು ವರ್ಷದಿಂದ ಅಪ್ಪನ ಬಾಯಿಂದ ಕೇಳಬೇಕೆಂದಿದ್ದ ಮಾತು ಅದು. ಕೇಳಿದ ಮೇಲೆ ಪಾಪ, ಖುಷಿಪಡುವುದಕ್ಕೂ ನಾಚಿಕೆಪಟ್ಟುಕೊಂಡು ಆಲೂಗಡ್ಡೆ ಸುಲಿಯುತ್ತಾ ಕೂತ.

ಪತ್ರಿಕೆಯಲ್ಲಿ ಒಂದು ಹಳೆಯ ಟ್ರ್ಯಾಕ್ಟರ್ ಮಾರಾಟಕ್ಕಿದೆ. ನಿನ್ನಿಂದ ಎರಡು ಊರು ಆಚೆ, ಓಮುಂಡ್ ಎನ್ನುವವನದು. ನೀನು ಇಪ್ಪತ್ತು ವರ್ಷದಿಂದ ಯೆರೆನ್ ಬಯಲಿನ ಟ್ರ್ಯಾಕ್ಟರುಗಳ ಹೊಟ್ಟೆ ಬಗೆಯುತ್ತಾ ಬಂದವನು. ಹೋಗಿ ನೋಡು. ಮುಖ್ಯವಾಗಿ ಗೇರ್ ಬಾಕ್ಸ್ ನೋಡು ಎಂದು ಆನ್‌ಫಿನ್ ಹೇಳಿದ್ದಾನೆ. ನಮ್ಮ ಮೇಲಿನ ಹುಲ್ಲುಗಾವಲು ಎಷ್ಟು ಕಡಿದೆಂದು ನಿನಗೆ ಗೊತ್ತು. ಹುಲ್ಲಿನ ಹೊರೆ ಎಳೆದುಕೊಂಡು ಇಳಿಯುವಾಗ ಗೇರು ಗಟ್ಟಿಯಾಗಿ ಹಿಡಿದಿರಬೇಕು. ಇಳಿಯುವ ದಾರಿ ಒಂದೇ, ಅದರ ಕೆಳಗೆ ಫ್ಯೋರ್ಡಿನ ಆಳವಾದ ಕಡಲ ನೀರು.

ಇನ್ನೊಂದು ಮಾತು. ನಿನ್ನ ಕಾಗದ ಬಂದರೆ ಊಟವಾದ ಮೇಲೆ ನಾನು ಜೋರಾಗಿ ಓದುತ್ತೇನೆ, ಅವರಿಬ್ಬರೂ ಕೂತು ಕೇಳುತ್ತಾರೆ. ಇಲ್ಲಿ ಎಲ್ಲರ ಮನೆಯಲ್ಲೂ ಹಾಗೆಯೇ. ಆದ್ದರಿಂದ ತಮಾಷೆ ಬೇಡ ಅಣ್ಣ. ನಮ್ಮ ಮದುವೆಯ ದಿನ ನೀನು ಎದ್ದು ನಿಂತು, "ಈ ಬೆಟ್ಟದವ್ರು ಕೋಳೀನೂ ಮಕ್ಕಳನ್ನೂ ಗೂಟಕ್ಕೆ ಕಟ್ಟಿ ಸಾಕ್ತಾರಂತೆ, ಇಲ್ದಿದ್ರೆ ಉರುಳಿ ನೀರಿಗೆ ಬೀಳ್ತಾವಂತೆ" ಅಂದೆಯಲ್ಲ, ಹನ್ನೊಂದು ವರ್ಷವಾದರೂ ಆನ್‌ಫಿನ್ ಅದನ್ನು ಮರೆತಿಲ್ಲ. ಅದಕ್ಕೊಂದು ಕಾರಣವಿದೆ, ಎದುರು ಸಿಕ್ಕಾಗ ಹೇಳುತ್ತೇನೆ. ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು. ನಿನಗೆ ಗೊತ್ತಿಲ್ಲದ್ದೇನಲ್ಲ.

ನಿನ್ನ ತಂಗಿ
ಮಲೇನೆ


ವೋಲ್‌ಬೋ, ಯೆರೆನ್
14 ಏಪ್ರಿಲ್ 1966

ಪ್ರೀತಿಯ ಮಲೇನೆ,

ಕುದುರೆಯ ಸುದ್ದಿ ಕೇಳಿ ಬೇಜಾರಾಯಿತು. ಬೋಟಾಲ್ವ್ ಅವರಿಗೆ ನನ್ನ ನಮಸ್ಕಾರ ಹೇಳು.

ನಿನ್ನೆ ಓಮುಂಡನ ಮನೆಗೆ ಹೋಗಿದ್ದೆ. ಹತ್ತು ಗಂಟೆಗೆ ಬರುತ್ತೇನೆಂದು ಹೇಳಿ ಎಂಟಕ್ಕೇ ಹೋದೆ. ಮಾರುವವನು ಎಂಜಿನ್ ಬೆಚ್ಚಗೆ ಮಾಡಿಟ್ಟುಕೊಂಡರೆ ಅರ್ಧ ರೋಗ ಕಾಣುವುದಿಲ್ಲ. ಕೈಯಿಟ್ಟು ನೋಡಿದೆ, ಐಸಿನಷ್ಟು ತಣ್ಣಗಿತ್ತು. ಅಲ್ಲಿಗೆ ಮನುಷ್ಯ ಸಾಚಾ ಎಂದುಕೊಂಡೆ. ಗೇರ್ ಬಾಕ್ಸಿನ ಕೆಳಗಿನ ಬೋಲ್ಟ್ ಬಿಚ್ಚಿ ಎಣ್ಣೆಯನ್ನು ಬಟ್ಟಲಿಗೆ ಹಿಡಿದೆ. ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿದ್ದರೆ ನೀರು ಸೇರಿದೆ ಎಂದರ್ಥ. ಹಾಗಿರಲಿಲ್ಲ. ಬೆರಳಲ್ಲಿ ಉಜ್ಜಿ ಬೆಳಕಿಗೆ ಹಿಡಿದೆ. ಹಿಟ್ಟಿನಂಥ ಸಣ್ಣ ಪುಡಿ ಇತ್ತು, ಆ ವಯಸ್ಸಿನ ಗಾಡಿಗೆ ಅದು ಇರಲೇಬೇಕು. ಚೂರು, ಚಕ್ಕೆ ಒಂದೂ ಇಲ್ಲ. ಮುಚ್ಚಳ ತೆಗೆದು ಕೈಗೆ ಸಿಕ್ಕಷ್ಟು ಹಲ್ಲು ಸವರಿದೆ, ಒಂದೂ ಮುರಿದಿಲ್ಲ.

ಆಮೇಲೆ ಒಂದೊಂದೇ ಗೇರಿನಲ್ಲಿ ಓಡಿಸಿದೆ. ಕ್ಲಚ್ ಹದವಾಗಿದೆ, ಬ್ರೇಕ್ ಎರಡು ಕಡೆಯೂ ಸಮ. ಕೊನೆಗೆ ನಮ್ಮ ಯೆರೆನ್ ಪರೀಕ್ಷೆ. ಹಿಂದೆ ಸರಪಳಿ ಬಿಗಿದು, ಹೊಲದಿಂದ ಎಬ್ಬಿಸಿದ ಬಂಡೆಯನ್ನು ಜಾರುಗಾಡಿಯ ಮೇಲಿಟ್ಟು ಎರಡನೇ ಗೇರಿನಲ್ಲಿ ಹೊಲದ ಉದ್ದಕ್ಕೂ ಎಳೆಸಿದೆ. ಗೊಣಗಲಿಲ್ಲ, ಗೇರು ಅಲ್ಲಾಡಲಿಲ್ಲ. ನಮ್ಮಪ್ಪ ಹೇಳುತ್ತಿದ್ದ ಹಾಗೆ, ಕಲ್ಲೆಳೆದ ಗಾಡಿಗೆ ಹುಲ್ಲು ಯಾವ ಲೆಕ್ಕ? ಹೊರಗೆ ಥಳುಕು ಒಳಗೆ ಹುಳುಕು ಅನ್ನುತ್ತಾರಲ್ಲ, ಇದು ತಿರುಗಾಮುರುಗಾ. ಹೊರಗೆಲ್ಲಾ ತುಕ್ಕು, ಒಳಗೆ ಚೊಕ್ಕ.

ಒಂದು ಮಜಾ ಹೇಳದೆ ಇರಲಾರೆ, ಬೈಯಬೇಡ. ಗೇರ್ ರಾಡಿನ ಕುತ್ತಿಗೆಯ ಸುತ್ತ ಬಣ್ಣ ಸವೆದು, ಬಳೆ ತೊಟ್ಟ ಹಾಗೆ ಒಂದು ಹೊಳಪಿನ ಗೆರೆ. ಏನಪ್ಪಾ ಇದು ಎಂದು ನೋಡಿದರೆ, ಓಮುಂಡ್ ಎರಡು ವರ್ಷದ ಹಿಂದಷ್ಟೇ ರಿಫಿಲ್ಕೆಯ ಬೆಟ್ಟದಿಂದ ಇಳಿದು ಬಂದವನಂತೆ! ಊಟದ ಚೀಲವನ್ನು ಅದಕ್ಕೇ ಕಟ್ಟಿಕೊಂಡಿರಬೇಕು. ಬೆಟ್ಟದವರಿಗೆ ಕೋಳಿ, ಮಕ್ಕಳು, ಬ್ರೆಡ್ಡು, ಕಾಫಿ ಎಲ್ಲವನ್ನೂ ಕಟ್ಟಿಟ್ಟರೇ ಸಮಾಧಾನ, ಅಲ್ಲವೇ ಭಾವ?

ತೆಗೆದುಕೊಳ್ಳಿ ಎನ್ನುವುದು ನನ್ನ ಅಭಿಪ್ರಾಯ.

ಟೊನ್ನೆಸ್


ಓಪ್‌ಸಟ್
20 ಏಪ್ರಿಲ್ 1966

ಪ್ರೀತಿಯ ಅಣ್ಣ,

ನಿನ್ನ ಕಾಗದ ಓದಿದೆ. ಆನ್‌ಫಿನ್ ಚಾಕು ಮಸೆಯುವುದನ್ನು ನಿಲ್ಲಿಸಿ ಕೇಳಿದ. ತಣ್ಣನೆಯ ಎಂಜಿನ್ನಿನ ವಿಷಯ ಬಂದಾಗ, "ನಿಮ್ಮಣ್ಣ ಬುದ್ಧಿವಂತ ಕಣೇ" ಅಂದ. ಹನ್ನೊಂದು ವರ್ಷದಲ್ಲಿ ನಿನ್ನ ಬಗ್ಗೆ ಅವನಾಡಿದ ಮೊದಲ ಒಳ್ಳೆಯ ಮಾತು. ನನಗೆ ಎಷ್ಟು ಸಂತೋಷವಾಯಿತೆಂದರೆ, ಒಲೆಯ ಮೇಲಿನ ಹಾಲು ಉಕ್ಕಿದ್ದೇ ಕಾಣಲಿಲ್ಲ.

ತಮಾಷೆಗೂ ಎಲ್ಲರೂ ನಕ್ಕರು.

ಕೊಂಡುಬಿಡು. ಹಡಗಿಗೆ ಹಾಕುವ ಏರ್ಪಾಡು ಮಾಡು.

ಮಲೇನೆ


ವೋಲ್‌ಬೋ
6 ಮೇ 1966

ಪ್ರೀತಿಯ ಮಲೇನೆ, ಪ್ರೀತಿಯ ಆನ್‌ಫಿನ್,

ಟ್ರ್ಯಾಕ್ಟರ್ ನಾಳೆ ಹಡಗು ಹತ್ತುತ್ತದೆ. ಮಂಗಳವಾರ ನಿಮ್ಮ ಹಡಗುಕಟ್ಟೆಯಲ್ಲಿ ಇಳಿಯುತ್ತದೆ.

ನೀವು ನಕ್ಕಿರೆಂದು ಓದಿದ ಮೇಲೆ ನನ್ನ ಮನಸ್ಸು ಹಗುರವಾಯಿತು. ಮದುವೆ ದಿನದ ಮಾತು ನನ್ನನ್ನೂ ಚುಚ್ಚುತ್ತಲೇ ಇತ್ತು, ಆನ್‌ಫಿನ್. ಬಾಯಿ ಬಿಟ್ಟು ಹೇಳಲು ಬರುವುದಿಲ್ಲ, ಕೈಯಲ್ಲಿ ಬರುವುದನ್ನು ಮಾಡಿದ್ದೇನೆ. ಒಂದು ವಾರ ವರ್ಕ್‌ಶಾಪಿನ ಬಾಗಿಲು ಹಾಕಿಕೊಂಡು ಗಾಡಿಯ ತುಕ್ಕೆಲ್ಲ ಉಜ್ಜಿ ತೆಗೆದು ಎರಡು ಕೋಟ್ ಕೆಂಪು ಬಳಿದೆ. ಚಕ್ರದ ಬಟ್ಟಲು, ಸೀಟಿನ ಅಡಿ, ಗೇರ್ ರಾಡು, ಒಂದನ್ನೂ ಬಿಟ್ಟಿಲ್ಲ. ಓಮುಂಡನ ಊಟದ ಚೀಲದ ಗುರುತು ಕೂಡ ಈಗ ಕಾಣುವುದಿಲ್ಲ. ಹೊಸದರ ಹಾಗಿದೆ. ಅಂಗಡಿಯಿಂದ ತಂದಿರಾ ಎಂದು ಹಡಗಿನವನು ಕೇಳಿದ.

ಇದು ನನ್ನ ಕಡೆಯಿಂದ. ಬೇಡ ಅನ್ನಬೇಡ, ಭಾವ.

ಟೊನ್ನೆಸ್


ಓಪ್‌ಸಟ್
29 ಮೇ 1966

ಪ್ರೀತಿಯ ಅಣ್ಣ,

ಕಟ್ಟೆಯಲ್ಲಿ ಅರ್ಧ ಊರೇ ಸೇರಿತ್ತು. ಗಾಡಿ ಇಳಿಯುತ್ತಿದ್ದಂತೆ ಆನ್‌ಫಿನ್ ಅದರ ಸುತ್ತ ಎರಡು ಸುತ್ತು ಹಾಕಿದ. ನಿನ್ನ ಆರನೇ ತಾರೀಕಿನ ಕಾಗದವನ್ನು ಜೇಬಲ್ಲೇ ಇಟ್ಟುಕೊಂಡಿದ್ದಾನೆ. "ಕ್ರಿಸ್‌ಮಸ್ಸಿಗೆ ನಿಮ್ಮಣ್ಣನ್ನ ಕರಿ" ಅಂದ. ಅವನೇ ಅಂದದ್ದು, ನಾನು ಕೇಳಿದ್ದಲ್ಲ.

ಗೊಬ್ಬರವೆಲ್ಲ ಮೇಲಿನ ಹೊಲಕ್ಕೆ ಹೋಯಿತು. ಮಾವ ಮಾತ್ರ ಇನ್ನೂ ಹತ್ತಿರ ಸುಳಿದಿಲ್ಲ. ಬೇಲಿಯ ಬಳಿ ನಿಂತು, "ಎಳೆಯೋದು ಯಾವುದಾದ್ರೂ ಎಳೆಯುತ್ತೆ. ತಡೆಯುತ್ತಾ ನೋಡು" ಅಂದರು. ಮುದುಕರ ಮಾತು. ಎಲ್ಲ ಚೆನ್ನಾಗಿದೆ.

ಮಲೇನೆ


ಓಪ್‌ಸಟ್
13 ಜುಲೈ 1966

ಅಣ್ಣ,

ನಿನ್ನೆ ಮಧ್ಯಾಹ್ನ ಆನ್‌ಫಿನ್ ತೀರಿಕೊಂಡ. ಮೇಲಿನ ಹುಲ್ಲುಗಾವಲಿನಿಂದ ಹುಲ್ಲು ತುಂಬಿಕೊಂಡು ಇಳಿಯುತ್ತಿದ್ದ. ಮಳೆ ಹನಿ ಶುರುವಾಯಿತೆಂದು ಅವಸರ ಮಾಡಿದ. ನೆಲ ಒದ್ದೆಯಾಗಿತ್ತು. ಟ್ರ್ಯಾಕ್ಟರ್ ಕಲ್ಲಿನ ಗೋಡೆಗೆ ಗುದ್ದಿ ನಿಂತಿತು. ಹಿಂದಿನ ಹುಲ್ಲಿನ ಗಾಡಿ ನಿಲ್ಲಲಿಲ್ಲ, ಕೆಳಗೆ ಬಿದ್ದವನ ಮೇಲೆ ಹೋಯಿತು.

ಸೋಮವಾರ ಮಣ್ಣು.

ಮಲೇನೆ


ವೋಲ್‌ಬೋ
1 ಆಗಸ್ಟ್ 1966

ಪ್ರೀತಿಯ ಮಲೇನೆ,

ನಿಮ್ಮಲ್ಲಿಂದ ಬಂದು ಹತ್ತು ದಿನವಾಯಿತು. ಅಲ್ಲಿದ್ದ ಎರಡು ದಿನ ನೀನು ನನ್ನ ಮುಖ ನೋಡಲಿಲ್ಲ. ದುಃಖದಲ್ಲಿ ಇರುವವಳು ಎಂದುಕೊಂಡೆ. ಕಾಫಿ ಸುರಿಯುವಾಗ ಕೂಡ ನನ್ನ ಬಟ್ಟಲಿನತ್ತಲೇ ನೋಡಿದೆ. ಬೋಟಾಲ್ವ್ ಕೈ ಕುಲುಕಿದರು, ಬಿಡುವಾಗ ನನ್ನ ಬೆರಳುಗಳನ್ನು ಒಮ್ಮೆ ತಿರುಗಿಸಿ ನೋಡಿದರು. ಉಗುರಿನ ಸಂದಿಯಲ್ಲಿ ಇನ್ನೂ ಆ ಕೆಂಪು ಬಣ್ಣ ಇದೆಯೇನೋ ಅನ್ನಿಸಿತು.

ಕೊಟ್ಟಿಗೆಯಲ್ಲಿ ಟ್ರ್ಯಾಕ್ಟರಿನ ಮೇಲೆ ತಾಡಪಾಲು ಹೊದಿಸಿದ್ದಿರಿ. ನಾನು ಅದರ ಎದುರು ಹೋಗಿ ನಿಂತೆ, ಎತ್ತಿ ನೋಡಲು ಧೈರ್ಯವಾಗಲಿಲ್ಲ. ಅದನ್ನು ಈಗ ಕಾಗದದಲ್ಲಿ ಕೇಳುತ್ತಿದ್ದೇನೆ, ಹೇಡಿಯ ಹಾಗೆ.

ಗೇರ್ ಬಾಕ್ಸೇ?

ಟೊನ್ನೆಸ್


ಓಪ್‌ಸಟ್
9 ಆಗಸ್ಟ್ 1966

ಅಣ್ಣ,

ಅಲ್ಲ. ನೆಲ ಒದ್ದೆಯಾಗಿತ್ತು. ಅಷ್ಟೇ.

ನೆರೆಯವರೆಲ್ಲ ಸೇರಿ ಮೊದಲ ಕೊಯ್ಲಿನ ಹುಲ್ಲನ್ನು ಒಳಗೆ ಹಾಕಿಕೊಟ್ಟರು. ಇನ್ನು ಈ ವಿಷಯ ಬರೆಯಬೇಡ.

ಮಲೇನೆ


ವೋಲ್‌ಬೋ
4 ಸೆಪ್ಟೆಂಬರ್ 1966

ಮಲೇನೆ,

ಬರೆಯಬೇಡ ಎಂದೆ. ಬರೆಯದೆ ಇರಲಾರೆ.

ನಿನ್ನ ಉತ್ತರ ಮೂರು ಸಾಲು ಇತ್ತು. ನೀನು ಸುಳ್ಳು ಹೇಳುವಾಗ ಚಿಕ್ಕಂದಿನಿಂದಲೂ ಹೀಗೆಯೇ, ಮಾತು ಕಮ್ಮಿ. ಕಳೆದ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಓಮುಂಡನ ಮನೆಗೆ ಹೋದೆ. ಅವನು ಅಂಗಳದಲ್ಲಿ ಕೂತು ಬಲೆ ಹೆಣೆಯುತ್ತಿದ್ದ. ಆನ್‌ಫಿನ್ ಸತ್ತದ್ದು ಅವನಿಗೆ ಗೊತ್ತಿರಲಿಲ್ಲ. ಹೇಳಿದೆ. ಬಲೆ ಕೆಳಗಿಟ್ಟ.

"ಪಟ್ಟಿ ಕಟ್ಟಿರ್ಲಿಲ್ವಾ?" ಅಂದ.

"ಯಾವ ಪಟ್ಟಿ?"

"ಅಯ್ಯೋ ನಿನ್ನ! ಅದು ಎಳೆಯುವಾಗ ಏನೂ ಮಾಡಲ್ಲ ಕಣಯ್ಯ. ಹಿಂದಿನ ಹೊರೆ ನೂಕ್ತಾ ಇಳಿಯುವಾಗ, ಎರಡನೇ ಗೇರು ತಾನಾಗೇ ಕಳಚ್ಕೊಂಡು ನ್ಯೂಟ್ರಲ್ಲಿಗೆ ಬರುತ್ತೆ. ಬೆಟ್ಟದಲ್ಲಿ ಏಳು ವರ್ಷ ನಾನು ಗೇರ್ ರಾಡಿಗೆ ಚರ್ಮದ ಪಟ್ಟಿ ಬಿಗಿದು ಸೀಟಿಗೆ ಕಟ್ಟಿ ಇಳಿಸ್ದೆ. ಈ ಬಯಲಿಗೆ ಬಂದ್ಮೇಲೆ ಬೇಕಾಗ್ಲಿಲ್ಲ, ಬಿಚ್ಚಿ ಬಿಸಾಕ್ದೆ. ಗುರುತು ಇತ್ತಲ್ಲ! ನೀನು ಬೆರಳಲ್ಲಿ ಸವರಿ ನಕ್ಕೆ. ದೊಡ್ಡ ಮೆಕ್ಯಾನಿಕ್ಕು, ಗೊತ್ತಾಯ್ತು ಇವ್ನಿಗೆ, ಆದ್ರೂ ತಗೋತಿದ್ದಾನೆ ಅಂದ್ಕೊಂಡೆ."

"ಬೆಟ್ಟಕ್ಕೆ ಹೋಗೋ ಗಾಡಿ ಅಂತ ನಿಂಗೆ ಹೇಳಿದ್ನಲ್ಲಪ್ಪಾ," ಅಂದೆ.

"ನೀನು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ," ಅಂದ. ಅವನ ಹೆಂಡತಿ ಕಿಟಕಿ ಮುಚ್ಚಿಕೊಂಡಳು.

ಈಗ ನಾನು ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ಅವತ್ತು ಬಂಡೆ ಎಳೆಸಿ ಹೊಲದ ತುದಿಯಲ್ಲಿ ಆಕ್ಸಿಲರೇಟರ್ ಬಿಟ್ಟಾಗ, ಗೇರ್ ಬಾಕ್ಸಿನಲ್ಲಿ ಒಂದು ಸಲ 'ಟಕ್' ಎಂದಿತು. ಸರಪಳಿ ಸಡಿಲಾದ ಸದ್ದು ಎಂದುಕೊಂಡೆ. ಇನ್ನೊಮ್ಮೆ ನೋಡಬಹುದಿತ್ತು. ಊಟದ ಹೊತ್ತಾಗಿತ್ತು. ನಮ್ಮ ಬಯಲಿನಲ್ಲಿ ಚರ್ಚಿನ ಮೆಟ್ಟಿಲಿಗಿಂತ ಎತ್ತರದ ಜಾಗವಿಲ್ಲ. ಇಪ್ಪತ್ತು ವರ್ಷದಲ್ಲಿ ನಾನು ಗಾಡಿ ಎಳೆಯುತ್ತದೆಯೇ ಎಂದು ನೋಡಿದ್ದೇನೆಯೇ ಹೊರತು, ತಡೆಯುತ್ತದೆಯೇ ಎಂದು ಒಂದು ದಿನವೂ ನೋಡಿಲ್ಲ. ಮೇಲಾಗಿ ಆ ಗುರುತಿನ ಮೇಲೆ ಎರಡು ಕೋಟ್ ಬಣ್ಣ ಬಳಿದೆ.

ಇಲ್ಲಿ ಜನ ನನ್ನನ್ನು ಸಮಾಧಾನ ಮಾಡುತ್ತಿದ್ದಾರೆ. "ನೀನು ಕಾಗದದಲ್ಲಿ ಗೆರೆಯ ವಿಷ್ಯ ಬರೆದಿದ್ಯಲ್ಲ, ಬೆಟ್ಟದವನಿಗೆ ಅದು ಏನು ಅಂತ ಗೊತ್ತಾಗಿರುತ್ತೆ. ಗೊತ್ತಿದ್ದೂ ಪಟ್ಟಿ ಕಟ್ಟದೇ ಇಳಿಸಿದ್ದು ಅವನ ತಪ್ಪು" ಅನ್ನುತ್ತಾರೆ. ಓಮುಂಡನೂ ಅದನ್ನೇ ಹೇಳಿಕೊಂಡು ತಿರುಗುತ್ತಿದ್ದಾನೆ. ನನಗೆ ಬೇರೆಯೇ ಯೋಚನೆ. ಆನ್‌ಫಿನ್‌ಗೆ ಗೊತ್ತಾಗಿತ್ತು. ಆದರೆ ನಾನು ಅದನ್ನು ಹಾಸ್ಯ ಮಾಡಿ ಬರೆದೆನಲ್ಲ, ಬಾಯಿಬಿಟ್ಟರೆ ಇನ್ನಷ್ಟು ನಗುತ್ತೇನೆಂದು ಸುಮ್ಮನಾಗಿಬಿಟ್ಟ. ಪಟ್ಟಿ ಕಟ್ಟಲು ಕೂಡ ನಾಚಿದ. ನನ್ನ ನಾಲಿಗೆಯೇ ಅವನನ್ನು ಕೊಂದಿತು. ಹೌದೋ ಅಲ್ಲವೋ, ಅಷ್ಟು ಹೇಳು.

ವರ್ಕ್‌ಶಾಪ್ ಮುಚ್ಚಿದ್ದೇನೆ. ಸ್ಪ್ಯಾನರ್ ಹಿಡಿದರೆ ಕೈ ನಡುಗುತ್ತದೆ.

ಟೊನ್ನೆಸ್


ಓಪ್‌ಸಟ್
18 ಸೆಪ್ಟೆಂಬರ್ 1966

ಅಣ್ಣ,

ಅಲ್ಲ. ಈ ಸಲ ನಿಜ ಬರೆಯುತ್ತಿದ್ದೇನೆ, ಉದ್ದವಾಗಿ.

ಆನ್‌ಫಿನ್‌ಗೆ ಗೊತ್ತಿರಲಿಲ್ಲ. ಆ ಗೆರೆಯ ವಿಷಯ ಅವನ ಕಿವಿಗೆ ಬೀಳಲೇ ಇಲ್ಲ.

ಏಪ್ರಿಲ್ ಇಪ್ಪತ್ತರ ಸಂಜೆ ನಿನ್ನ ಕಾಗದವನ್ನು ಮೇಜಿನ ಬಳಿ ಕೂತು ಓದುತ್ತಿದ್ದೆ. ತಣ್ಣನೆಯ ಎಂಜಿನ್ನು, ಎಣ್ಣೆ, ಬಂಡೆ ಎಲ್ಲ ಓದಿದೆ. ಆನ್‌ಫಿನ್ ನಿನ್ನನ್ನು ಬುದ್ಧಿವಂತ ಅಂದ. ಆಮೇಲೆ "ಒಂದು ಮಜಾ ಹೇಳದೆ ಇರಲಾರೆ" ಎಂಬಲ್ಲಿಗೆ ಬಂದೆ. ನನ್ನ ಕಣ್ಣು ಮುಂದೆ ಓಡಿತು. ಕೋಳಿ, ಮಕ್ಕಳು, ಕಟ್ಟಿಡುವುದು, ಎಲ್ಲ ಕಂಡಿತು. ಹಾಳೆ ಮಗುಚಿ, "ತೆಗೆದುಕೊಳ್ಳಿ ಎನ್ನುವುದು ನನ್ನ ಅಭಿಪ್ರಾಯ" ಎಂದು ಓದಿ ಮುಗಿಸಿದೆ. ಮಾವ, "ಅಷ್ಟೇನಾ?" ಅಂದರು. "ಅಷ್ಟೇ" ಅಂದೆ. ನಿನಗೆ ಎಲ್ಲರೂ ನಕ್ಕರೆಂದು ಬರೆದೆ. ನಿನ್ನ ಮೇ ತಿಂಗಳ ಕಾಗದದಲ್ಲಿ ನಗುವಿನ, ಚೀಲದ ಗುರುತಿನ ಮಾತು ಬಂದಾಗ ಅವನು ಏನದು ಎಂದು ಕೇಳಿದರೂ, ಯಾವುದೋ ಕಲೆ ಎಂದು ಮಾತು ತೇಲಿಸಿಬಿಟ್ಟೆ.

ಎದುರು ಸಿಕ್ಕಾಗ ಹೇಳುತ್ತೇನೆ ಎಂದಿದ್ದ ಕಾರಣ ಇದು. ಆನ್‌ಫಿನ್‌ಗೆ ಒಬ್ಬ ತಮ್ಮನಿದ್ದ. ನಾಲ್ಕು ವರ್ಷದವನು. ಹುಲ್ಲು ಕೊಯ್ಯುವ ದಿನ ಅವನ ಸೊಂಟಕ್ಕೆ ಹಗ್ಗ ಕಟ್ಟಿ ಗೂಟಕ್ಕೆ ಬಿಗಿದಿದ್ದರು. ನೀನು ತಮಾಷೆ ಮಾಡಿದೆಯಲ್ಲ, ಇಲ್ಲಿ ಹಿಂದೆ ನಿಜವಾಗಿಯೂ ಹಾಗೆಯೇ ಕಟ್ಟುತ್ತಿದ್ದರು. ಗಂಟು ಹಾಕಿದ್ದವನು ಆನ್‌ಫಿನ್, ಆಗ ಅವನಿಗೆ ಒಂಬತ್ತು. ಗಂಟು ಬಿಚ್ಚಿಕೊಂಡಿತು. ಇದನ್ನು ನಿನಗೆ ಮದುವೆಯ ಮಾರನೇ ದಿನವೇ ಹೇಳಬೇಕಿತ್ತು. ಹೇಳಿದರೆ ನಿನಗೆ ನೋವಾಗುತ್ತದೆಂದು ಹೇಳಲಿಲ್ಲ. ಹೇಳಿದ್ದರೆ ನೀನು ಆ ಹಾಸ್ಯವನ್ನು ಮತ್ತೆ ಬರೆಯುತ್ತಿರಲಿಲ್ಲ, ಬರೀ ಗೆರೆಯ ಸುದ್ದಿ ಬರೆಯುತ್ತಿದ್ದೆ, ನಾನು ಓದುತ್ತಿದ್ದೆ, ಅವನು ಕೂತಲ್ಲಿಂದ ಎದ್ದು ನಿಲ್ಲುತ್ತಿದ್ದ. ಮಾತು ಮನೆ ಕೆಡಿಸಿತು ಎಂದು ನಿನಗೆ ಬುದ್ಧಿ ಹೇಳಿದವಳು ನಾನು. ನಮ್ಮ ಮನೆ ಕೆಟ್ಟದ್ದು ಓದದೆ ಬಿಟ್ಟ ಮಾತಿನಿಂದ.

ಇನ್ನೂ ಇದೆ. ಮೇ ತಿಂಗಳಲ್ಲಿ ಗೊಬ್ಬರ ಹಾಕಿ ಇಳಿಯುವಾಗ ಒಂದು ಸಲ ಗೇರು ಕಳಚಿತ್ತು. ಬ್ರೇಕ್ ತುಳಿದು ನಿಲ್ಲಿಸಿದ. ಒಳಗೆ ಬಂದು, "ನನ್ನ ಮೊಣಕಾಲು ತಾಗಿರ್ಬೇಕು ಕಣೇ. ನಿಮ್ಮಣ್ಣಂಗೆ ಬರೀಬೇಡ, ಅಷ್ಟು ಆಸೆಯಿಂದ ಬಣ್ಣ ಬಳಿದು ಕಳಿಸಿದ್ದಾನೆ, ಬೇಜಾರ್ ಮಾಡ್ಕೋತಾನೆ" ಅಂದ. ನಾನು ಎಲ್ಲ ಚೆನ್ನಾಗಿದೆ ಎಂದು ಬರೆದೆ. ನೋಡು, ಅವನೂ ನಿನ್ನ ಮನಸ್ಸನ್ನೇ ಕಾಯ್ದ.

ಮಣ್ಣು ಮಾಡುವ ಹಿಂದಿನ ದಿನ, ನೀನು ಬರುವ ಮೊದಲು, ಮಾವ ಚಾಕು ತೆಗೆದುಕೊಂಡು ಟ್ರ್ಯಾಕ್ಟರಿನ ಬಳಿ ಹೋದರು. ನಾನೂ ಹಿಂದೆ ಹೋದೆ. ಗೇರ್ ರಾಡಿನ ಕೆಂಪು ಬಣ್ಣವನ್ನು ಸಿಪ್ಪೆ ಸುಲಿದ ಹಾಗೆ ಕೆರೆದರು. ಗೆರೆ ಕಂಡಿತು. "ಪಟ್ಟಿ ಕಟ್ಟಿದ್ದ ಗಾಡಿ," ಅಂದರು. "ಇದನ್ನ ಯಾರೂ ನೋಡ್ಲಿಲ್ವಾ?" ಅಂದರು. ಒಳಗೆ ಬಂದು ನಿನ್ನ ಕಾಗದ ತೆಗೆದು ನೋಡಿದೆ. ಅಲ್ಲೇ ಇತ್ತು, ನಿನ್ನ ದುಂಡನೆಯ ಅಕ್ಷರದಲ್ಲಿ, ಬಳೆ ತೊಟ್ಟ ಹಾಗೆ ಎಂದು. ಬಯಲಿನಲ್ಲಿ ಹುಟ್ಟಿದ ನಾವಿಬ್ಬರೂ ಅದನ್ನು ನೋಡಿದೆವು, ಇಬ್ಬರಿಗೂ ತಿಳಿಯಲಿಲ್ಲ. ತಿಳಿಯುವವನು ಮೇಜಿನ ಆಚೆ ಬದಿಯಲ್ಲಿ ಚಾಕು ಹಿಡಿದು ಕೂತಿದ್ದ. ಅದಕ್ಕೇ ನಾನು ನಿನ್ನ ಮುಖ ನೋಡಲಿಲ್ಲ ಅಣ್ಣ. ನಿನ್ನ ಮೇಲಿನ ಸಿಟ್ಟಿನಿಂದಲ್ಲ.

ಗೊತ್ತಿದ್ದೂ ಇಳಿಸಿದ ಎಂದು ಅಲ್ಲಿ ಯಾರಾದರೂ ಅಂದರೆ ಅವರ ಬಾಯಿ ಮುಚ್ಚಿಸು. ಅವನ ಹೆಂಡತಿ ಓದಲಿಲ್ಲ ಎಂದು ಹೇಳು. ಓಮುಂಡನಿಗೂ ಹೇಳು.

ಎರಡನೇ ಕೊಯ್ಲಿನ ಹುಲ್ಲು ಮೇಲಿನ ಹುಲ್ಲುಗಾವಲಿನಲ್ಲಿ ತಂತಿಗೆ ಹಾಕಿದ್ದು ಒಣಗುತ್ತಿದೆ, ಆಲೂಗಡ್ಡೆಯೂ ಅಲ್ಲೇ ಇದೆ. ದನಗಳಿಗೆ ನಮ್ಮ ದುಃಖ ಗೊತ್ತಿಲ್ಲ. ಪಕ್ಕದ ಮನೆಯವರು ಮುಂದಿನ ಚಕ್ರ ನೆಟ್ಟಗೆ ಮಾಡಿಕೊಟ್ಟರು. ಎಂಟು ದಿನದಿಂದ ನಾನೇ ಓಡಿಸುತ್ತಿದ್ದೇನೆ. ಒಂದನೇ ಗೇರಿನಲ್ಲೇ ಇಳಿಯುತ್ತೇನೆ, ಆದರೂ ಪಟ್ಟಿ ಕಟ್ಟುತ್ತೇನೆ. ಹೇಗೆ ಬಿಗಿಯಬೇಕೆಂದು ಮಾವ ತೋರಿಸಿದರು. ಪಟ್ಟಿ ಆನ್‌ಫಿನ್‌ನ ಸೊಂಟದ ಬೆಲ್ಟು. ಬಾಗಿಲ ಹಿಂದಿನ ಮೊಳೆಯಿಂದ ಮಾವನೇ ತೆಗೆದುಕೊಟ್ಟರು.

ನೀನು ವರ್ಕ್‌ಶಾಪ್ ತೆರೆ. ಮೊದಲ ಕೆಲಸ ಇಲ್ಲಿದೆ. ಸ್ಪ್ಯಾನರ್ ತೆಗೆದುಕೊಂಡು ಬಾ, ಆ ಗೇರ್ ಬಾಕ್ಸ್ ಬಿಚ್ಚು. ಕೈ ನಡುಗಿದರೆ ನಡುಗಲಿ, ನಾನು ದೀಪ ಹಿಡಿಯುತ್ತೇನೆ.

ಅಂಚೆಗೆ ಹಾಕುವ ಮೊದಲು ಈ ಕಾಗದವನ್ನು ಮಾವನ ಎದುರು ಕೂತು ಜೋರಾಗಿ ಓದಿದೆ. ಒಂದು ಸಾಲನ್ನೂ ಬಿಡಲಿಲ್ಲ. ಟೋಪಿ ಹಾಕಿಕೊಂಡು ಹೊರಗೆ ಹೋದವರು ಇನ್ನೂ ಒಳಗೆ ಬಂದಿಲ್ಲ.

ಮಲೇನೆ